ಕರಿಯಪ್ಪನ ಡೆಕ್ಕು

“ಡೆಕ್ಕಿನ ಮುಚ್ಚಳ ಮಾತ್ರ ತಗೀಬ್ಯಾಡ ಕಣಪ್ಪ. ಬೇಕಾದ್ರೆ ಎತ್ಕೊಂಡೋಗಿ ಒಳೆಗೆ ಎಸ್ದ್ಬುಡು,” ಎಂದಳು ಬೈರಮ್ಮ, ಹೊಸಿಲಾಚೆಯೇ ನಿಂತು.

ಅಭಯ್ ನಕ್ಕುಬಿಟ್ಟ. ಮೈಸೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ಅವನು ಹೊಸಹೊಳಲಿಗೆ ಬಂದದ್ದು ಅದೇ ಮೊದಲು. “ಮುಚ್ಚಳ ತೆಗೀದೆ ಕಾಯಿಲೆ ಗೊತ್ತಾಗೋದು ಹೇಗಮ್ಮಾ? ಒಳಗೆ ದೆವ್ವ ಇದ್ರೆ ಅದಕ್ಕೂ ಬೆಸುಗೆ ಹಾಕಿ ಕೂರಿಸ್ತೀನಿ.”

“ನಗಬ್ಯಾಡ. ನನ್ ಕಿರಿ ಸೊಸೆ ದ್ಯಾವಮ್ಮ ಗಂಡನ ತಿಥಿ ಮುಗ್ಸಿ ತವರಿಗೆ ಓಗೋ ದಿನ ಅದ್ರೊಳಗೆ ಏನೋ ಕಟ್ಟವ್ಳೆ. ಅದನ್ನ ಮುಟ್ಟಿದೋನ ಕೈ ಆಮೇಲೆ ಅವ್ನದಾಗಿರಕಿಲ್ಲ ಅಂದವ್ಳೆ.”

“ಸುಮ್ಕಿರವ್ವ!” ಹಿರಿಯ ಮಗ ಶಿವಲಿಂಗಯ್ಯ ಗದರಿದ.

೧೯೯೫ರ ಬೇಸಿಗೆ. ಊರಿನ ಟಿ.ವಿ.ಗಳಿಗೆಲ್ಲ ಸಿನಿಮಾ ಹರಿಯುತ್ತಿದ್ದದ್ದು ಈ ಮನೆಯ ವಿಡಿಯೋ ಡೆಕ್ಕಿನಿಂದ. ಅಣ್ಣ ತಮ್ಮ ಸೇರಿ ಕೇಬಲ್ ಎಳೆದಿದ್ದರು. ಬೇರೆಯಾಗುತ್ತೇನೆ, ಡೆಕ್ಕು ನನ್ನದು ಎಂದು ತಮ್ಮ ಕರಿಯಪ್ಪ ಹಟ ಹಿಡಿದ ವಾರದಲ್ಲೇ ಕಂಬದ ಮೇಲೆ ಕರೆಂಟು ಹೊಡೆದು ಸತ್ತ. ಅವನ ತಿಥಿ ಮುಗಿದಂದಿನಿಂದ ಡೆಕ್ಕು ಚಾಲೂ ಆಗಿರಲಿಲ್ಲ. ಕೆ.ಆರ್. ಪೇಟೆಯ ಮೆಕ್ಯಾನಿಕ್ಕುಗಳು ಡೆಕ್ಕಿದ್ದ ಕೋಣೆಗೆ ಕಾಲಿಡಲೊಪ್ಪದ್ದರಿಂದ ಶಿವಲಿಂಗಯ್ಯ ಮೈಸೂರಿಗೆ ಹೇಳಿಕಳಿಸಿದ್ದ.

ಕಿಟಕಿಗೆ ಗೋಣಿತಾಟು ಬಡಿದ ಕೋಣೆ. ನಡುಮಧ್ಯಾಹ್ನದಲ್ಲೂ ಕತ್ತಲು. ಸುಟ್ಟ ವೈರಿನ ವಾಸನೆಯ ಅಡಿಯಲ್ಲಿ ಕೊಳೆತ ನಿಂಬೆಯ ಹುಳಿ ನಾತ. ಅಭಯ್ ಗುಂಡಿ ಒತ್ತಿದ. ಕೆಂಪು ದೀಪ ಮಿಣುಕಿತು, ಒಳಗೇನೋ ಮುಲುಗಿತು, ಆರಿತು. ಪ್ಲಗ್ಗು ಬದಲಿಸಿದ. ಮತ್ತೆ ಅದೇ ಮುಲುಗು. ಮುಚ್ಚಳ ಬಿಚ್ಚಿದ. ಫ್ಯೂಸು ಸರಿಯಿತ್ತು. ಮೀಟರು ಹಿಡಿದರೆ ಮೋಟಾರಿಗೂ ಕರೆಂಟು ಬರುತ್ತಿತ್ತು. ಆದರೆ ಟೇಪು ಸುತ್ತುವ ಉರುಳೆ ಅಲುಗಾಡದು. ಟಾರ್ಚು ಬಿಟ್ಟು ನೋಡಿದ. ಉರುಳೆಗೆ ಹೆಂಗಸಿನ ತಲೆಗೂದಲು ಬಿಗಿಯಾಗಿ ಸುತ್ತಿತ್ತು. ನಡುವೆ ಮೊಳೆ ಚುಚ್ಚಿದ ಕಪ್ಪು ನಿಂಬೆಕಾಯಿ.

“ಇದೇನಾ ನಿಮ್ಮ ಮಾಟ?” ಎಂದವನೇ ಬಲಗೈಯಿಂದ ಕಿತ್ತೆಸೆದ.

ಡೆಕ್ಕು ತಾನಾಗಿ ಗುರ್ರೆಂದಿತು. ಪಕ್ಕದ ಟಿ.ವಿ. ಪರದೆ ಬೆಳ್ಳಗೆ ಹೊತ್ತಿಕೊಂಡಿತು.

“ಬಂತು!” ಎಂದು ಶಿವಲಿಂಗಯ್ಯ ಮುಂದೆ ಬಾಗಿದ.

ಅಭಯ್‌ನ ಬಲಗೈ ನೆಲದ ಸ್ಕ್ರೂಡ್ರೈವರು ಹಿಡಿದು ಮೇಲೆದ್ದಿತು. ಅವನು ಎತ್ತಿರಲಿಲ್ಲ. ಸ್ಕ್ರೂಡ್ರೈವರು ಶಿವಲಿಂಗಯ್ಯನ ಭುಜದೊಳಕ್ಕೆ ಹಿಡಿಯವರೆಗೂ ಇಳಿಯಿತು. ಬಿಸಿ ರಕ್ತ ಅಭಯ್‌ನ ಬಾಯಿಗೆ ಸಿಡಿಯಿತು. ಕೈ ಸ್ಕ್ರೂಡ್ರೈವರು ಬಿಟ್ಟು ಶಿವಲಿಂಗಯ್ಯನ ಕತ್ತು ಹಿಡಿಯಿತು. ಎಡಗೈಯಿಂದ ಎಳೆದ. ಬರಲಿಲ್ಲ. ಗೋಡೆಗೆ ಬಡಿದ. ಬಿಡಲಿಲ್ಲ. ಸ್ವಂತ ಮಣಿಕಟ್ಟನ್ನೇ ಮೂಳೆ ತಾಗುವಂತೆ ಕಚ್ಚಿದ. ಬೆರಳುಗಳು ಇನ್ನೂ ಒಳಗಿಳಿದವು.

“ಕಡೀರಿ! ನನ್ನ ಕೈ ಕಡೀರಿ!”

ಬೈರಮ್ಮ ಮಚ್ಚು ಹಿಡಿದು ಓಡಿಬಂದಳು. ಮೇಲೆತ್ತಿದಳು.

ಆಗ ಟಿ.ವಿ.ಯೊಳಗಿಂದ ಸತ್ತ ಮಗನ ದನಿ ಬಂತು. “ಅಣ್ಣೋ, ಕರೆಂಟ್ ತಗ್ದಿದ್ಯಾ?”

ಶಿವಲಿಂಗಯ್ಯನ ದನಿಯೇ ಉತ್ತರಿಸಿತು. “ತಗ್ದಿವ್ನಿ ಕಣ್ಲಾ. ಮ್ಯಾಕತ್ತು.”

ಹತ್ತುವ ಸದ್ದು. ಸ್ವಿಚ್ಚು ಹಾಕಿದ ಸದ್ದು. ಅರಚಾಟ.

ಬೈರಮ್ಮನ ಕೈ ಗಾಳಿಯಲ್ಲೇ ನಿಂತಿತು. “ದಿಟವೇನ್ಲಾ, ಶಿವಾ?”

ನೀಲಿಗಟ್ಟಿದ ಮುಖದಲ್ಲಿ ಕಣ್ಣುಗಳು ಅವ್ವನನ್ನು ನೋಡಿದವು. ಆಮೇಲೆ ನೆಲ ನೋಡಿದವು.

ಮಚ್ಚು ಅವಳ ಕೈಯಿಂದ ಜಾರಿ ಬಿತ್ತು.

“ಅಮ್ಮಾ!” ಅಭಯ್ ಕಿರುಚಿದ. ಅವಳು ಅಲುಗಲಿಲ್ಲ. ಕತ್ತಿನ ಮೂಳೆ ಮುರಿದದ್ದು ಅವನ ಬೆರಳುಗಳಿಗೆ ಗೊತ್ತಾಯಿತು. ಪರದೆ ಆರಿತು. ಕೈ ಕಳಚಿಕೊಂಡಿತು.

ಬೈರಮ್ಮ ಸೆರಗಿನಿಂದ ಅವನ ಕೈಯ ರಕ್ತ ಒರೆಸಿದಳು. “ಇತ್ಲಿನ ಬಾಗ್ಲಿಂದ ಓಗ್ಬುಡು. ನಾನೇ ಕೊಂದೆ ಅಂತೀನಿ. ಇದು ನಮ್ಮನೆ ಎಣ ಕಣಪ್ಪ.”

ಪೊಲೀಸರಿಗೂ ಕೋರ್ಟಿಗೂ ಅವಳು ಅದನ್ನೇ ಹೇಳಿದಳು.

ಅಭಯ್ ಅಂಗಡಿ ಮುಚ್ಚಿದ. ಅವನ ಬಲಗೈ ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಒಂದು ಕತ್ತಿನಗಲಕ್ಕೆ ಬಾಗಿಯೇ ಉಳಿದವು. ಮಲಗುವ ಮುಂಚೆ ಹೆಂಡತಿ ಅಪರ್ಣ ದಿನವೂ ಆ ಕೈಯನ್ನು ಮಂಚಕ್ಕೆ ಕಟ್ಟುತ್ತಾಳೆ. ಗಂಟು ಸಡಿಲವೆನಿಸಿದರೆ ಅವನೇ ಅವಳನ್ನು ಎಬ್ಬಿಸಿ ಮತ್ತೆ ಕಟ್ಟಿಸಿಕೊಳ್ಳುತ್ತಾನೆ.