ಟ್ಯೂಬಿನಲ್ಲಿ ಅದೇ ಹಸಿರು

ಭಾವನನ್ನು ಹುಡುಕಿಕೊಂಡು ಬರುವವರು ನನ್ನ ಹೊಲಿಗೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಬೇಕು. ಅಂದು ಬೆಳಿಗ್ಗೆ ಬಂದ ಹೆಣ್ಣುಮಗಳಿಗೆ ಹತ್ತುವ ಧೈರ್ಯವೂ ಇರಲಿಲ್ಲ. ನನ್ನ ಮೇಜಿನ ಮುಂದೆಯೇ ನಿಂತುಬಿಟ್ಟಳು. ಕೈಯಲ್ಲಿ ಮುಚ್ಚಳ ಬಿಗಿದ ಪುಟ್ಟ ಗಾಜಿನ ಟ್ಯೂಬು, ಅದರೊಳಗೆ ತಿಳಿ ಹಸಿರು ನೀರು.

"ಅಣ್ಣಾ, ನಿಮ್ಮ ಭಾವನ್ನ ಸ್ವಲ್ಪ ಕರೀರಿ. ಸಂಜೆಯೊಳಗೆ ನಮ್ಮ ಬಕೆಟ್ ಮಾಮನ್ನ ಪೊಲೀಸಿಗೆ ಕೊಡ್ತಾರೆ."

ಪಕ್ಕದ ಬೀದಿಯ ಅಲಂಕಾರ ಮೀನಿನ ಅಂಗಡಿಯ ಸೊಸೆ ಆಕೆ. ಆ ಮನೆಯವರ ಬಟ್ಟೆಯನ್ನೆಲ್ಲ ನಾನೇ ಹೊಲಿಯುವುದು. ಬಕೆಟ್ ಮಾಮ ಎಂದರೆ ಅಲ್ಲಿ ನೀರು ಹೊತ್ತು ನೆಲ ಒರೆಸುವ ಮುದುಕ. ಅವನಿಲ್ಲದೆ ಆ ಅಂಗಡಿಯನ್ನು ನಾನು ಕಂಡೇ ಇಲ್ಲ. ನನ್ನ ಅಕ್ಕನ ಗಂಡನಾದ ಭಾವ, ಸುಟ್ಟ ಗೋದಾಮು, ಮುಳುಗಿದ ಲಾರಿ ನೋಡಿ ನಿಜ ಸುಳ್ಳು ಹೇಳುವ ವಿಮೆ ಕಂಪನಿಯ ಕೆಲಸದಲ್ಲಿದ್ದವರು. ನಿವೃತ್ತಿ ಸಿಕ್ಕಿದ್ದು ಕೆಲಸಕ್ಕೆ ಮಾತ್ರ, ಮೂಗಿಗಲ್ಲ. ಒಂದೇ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದರು.

ಆಕೆ ಹೇಳಿದ್ದು ಇಷ್ಟು. ಹೊಸದಾಗಿ ಬಂದ ಮೀನನ್ನು ಹಳೆಯದರ ಜೊತೆ ಬಿಡುವಂತಿಲ್ಲ. ರೋಗವಿದ್ದರೆ ಎಲ್ಲಕ್ಕೂ ಅಂಟುತ್ತದೆ. ಹಿಂದಿನ ಕೋಣೆಯಲ್ಲಿ ಅದಕ್ಕೆಂದೇ ಕ್ವಾರಂಟೈನ್ ಟ್ಯಾಂಕ್ ಇದೆ. ಆ ಕೋಣೆಯನ್ನು ಸೊಸೆಗೆ ಒಪ್ಪಿಸುವಾಗ ಮಾವನವರು ತಮ್ಮ ಕೀಲಿಯನ್ನೂ ಕೊಟ್ಟು, "ಇನ್ನು ಈ ಟ್ಯಾಂಕಿಗೆ ನಾನು ಕೈ ಹಾಕಲ್ಲ" ಎಂದು ಎಲ್ಲರೆದುರು ಮಾತು ಕೊಟ್ಟಿದ್ದರು. ಈಗ ಕೀಲಿ ಇರುವುದು ಆಕೆಯ ಬಳಿ ಮತ್ತು ಒರೆಸುವ ಬಕೆಟ್ ಮಾಮನ ಬಳಿ. ಕಳೆದ ವಾರ ತಟ್ಟೆಯಷ್ಟು ಅಗಲದ ಆರು ಡಿಸ್ಕಸ್ ಮೀನು ಬಂದಿದ್ದವು. ಈ ಬೆಳಿಗ್ಗೆ ನೋಡಿದರೆ ನಾಲ್ಕು ಮಗ್ಗುಲಾಗಿ ಬಿದ್ದಿದ್ದವು, ಎರಡು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಆ ಎರಡನ್ನು ಬೇರೆ ನೀರಿರುವ ಬಕೆಟಿಗೆ ಹಾಕಿ ಓಡಿ ಬಂದಿದ್ದಳು. ನಿನ್ನೆಯಷ್ಟೇ ಮಾವನವರಿಂದ ಬೈಸಿಕೊಂಡಿದ್ದ ಬಕೆಟ್ ಮಾಮನೇ ಸಿಟ್ಟಿಗೆ ವಿಷ ಹಾಕಿದ್ದಾನೆ ಎಂಬುದು ಮಾವನವರ ತೀರ್ಮಾನ. ಕೇಳಿದರೆ ಅವನು ಕಲ್ಲಿನ ಹಾಗೆ ನಿಂತಿದ್ದಾನೆ.

"ಅವನಲ್ಲ ಅಂತ ನನಗೆ ಗೊತ್ತು. ಆದ್ರೆ ಅವನಲ್ಲ ಅಂದ್ರೆ ಉಳಿಯೋಳು ನಾನೇ," ಎಂದಳು.

ಟ್ಯೂಬಿನ ವಿಷಯ ಭಾವ ಕೇಳಿದರು. ಮೀನು ತಾನಿರುವ ನೀರನ್ನೇ ಹೊಲಸು ಮಾಡಿಕೊಳ್ಳುತ್ತದೆಯಂತೆ. ಅದರಿಂದ ಹುಟ್ಟುವ ಅಮೋನಿಯಾ ಕಿವಿರು ಸುಡುತ್ತದೆ. ಹಳೆಯ ಟ್ಯಾಂಕಿನ ಫಿಲ್ಟರ್‌ನಲ್ಲಿ ಅದನ್ನು ತಿಂದು ಹಾಕುವ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಈ ಟ್ಯಾಂಕಿಗೆ ಔಷಧಿ ಹಾಕಿದ್ದರಿಂದ ಅವು ಸತ್ತಿವೆ. ಹಾಗಾಗಿ ಆಕೆ ಎರಡೂ ಹೊತ್ತು ಟ್ಯೂಬಿಗೆ ನೀರು ತುಂಬಿ, ಪರೀಕ್ಷೆಯ ಹನಿ ಬಿಟ್ಟು ಬಣ್ಣ ನೋಡುತ್ತಾಳೆ. ಹಳದಿಯಾದರೆ ಅಮೋನಿಯಾ ಇಲ್ಲ, ಹಸಿರು ಗಾಢವಾದಷ್ಟೂ ಹೆಚ್ಚು. ದಿನವೂ ಸ್ವಲ್ಪ ನೀರು ಬದಲಿಸಿ, ತಿಳಿ ಹಸಿರು ದಾಟದಂತೆ ಕಾದುಕೊಂಡು ಬಂದಿದ್ದಳು.

"ನಿನ್ನೆ ಸಂಜೆ ಇದೇ ಹಸಿರು, ಮೀನು ಆಡ್ಕೊಂಡಿದ್ವು. ಇವತ್ತೂ ಇದೇ ಹಸಿರು, ಸತ್ತು ಬಿದ್ದಿವೆ. ನನಗೆ ತಲೆನೇ ಓಡ್ತಿಲ್ಲ."

ಭಾವ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಚಪ್ಪಲಿ ಹಾಕಿಕೊಂಡು ಬರಲು ಮೇಲೆ ಹೋದರು. ಅಂದರೆ ಕೇಸು ಹಿಡಿದರೆಂದೇ ಅರ್ಥ.

ಆಕೆಯ ಮಾವ, ಅಂಗಡಿಯ ಯಜಮಾನರು, ಗಲ್ಲಾಪೆಟ್ಟಿಗೆಯ ಮುಂದೆ ಕೂತು ಫೋನನ್ನು ತಿರುಗಿಸುತ್ತಿದ್ದರು. ನನಗೆ ಮುಖಕ್ಕಿಂತ ಮೊದಲು ಬಟ್ಟೆ ಕಾಣುತ್ತದೆ. ನಾನೇ ಹೊಲಿದ, ನಿನ್ನೆಯೂ ಅವರ ಮೈಮೇಲಿದ್ದ ಬಿಳಿ ತುಂಬುತೋಳಿನ ಅಂಗಿ, ಬಲಗೈಯ ತೋಳಿಗೆ ಮೊಣಕೈವರೆಗೂ ಕಂದು ಕಲೆ. ಏನಾಯಿತೆಂದು ಕೇಳಿದೆ. ಟೀ ಚೆಲ್ಲಿತು ಎಂದು ತೋಳು ಮಡಚಿಕೊಂಡರು.

ಹಿಂದಿನ ಕೋಣೆಯ ನೆಲದಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಭಾವ ಟ್ಯಾಂಕಿನ ನೀರನ್ನು ಬೆರಳಿಗೆ ತೆಗೆದು ಮೂಸಿ, ಉಜ್ಜಿ ನೋಡಿದರು. ಫಿನಾಯಿಲ್ ಬಿದ್ದಿದ್ದರೆ ನೀರು ಹಾಲಾಗುತ್ತಿತ್ತು, ಮೂಗೂ ಬಿಡುತ್ತಿರಲಿಲ್ಲ. ಈ ನೀರಿಗೆ ಯಾವ ವಾಸನೆಯೂ ಇರಲಿಲ್ಲ. ತೆಳು ಟೀಯಂತೆ ಕಂದು ಬಣ್ಣ ಮಾತ್ರ.

"ಈ ಬಣ್ಣ ಯಾಕಮ್ಮ?"

ಒಣಗಿದ ಕಾಡುಬಾದಾಮಿ ಎಲೆಯ ಬಣ್ಣವದು, ಈ ಜಾತಿಗೆ ಸ್ವಲ್ಪ ಹುಳಿ ನೀರೇ ಹಿತ, ಎಲೆ ಹಾಕಿದರೆ ಹುಳಿ ನಿಲ್ಲುತ್ತದೆ ಎನ್ನುತ್ತ ಬಗ್ಗಿ ತೋರಿಸಲು ಹೋದವಳು ಅಲ್ಲೇ ನಿಂತಳು. ಟ್ಯಾಂಕಿನಲ್ಲಿ ಒಂದು ಎಲೆಯೂ ಇರಲಿಲ್ಲ.

ಹುಳಿ ಪರೀಕ್ಷಿಸುವ ಸೀಸೆ ಇದೆಯೇ ಎಂದು ಭಾವ ಕೇಳಿದರು. ಇತ್ತು. ವಾರಕ್ಕೊಮ್ಮೆ ನೋಡಿದರೆ ಸಾಕೆಂದು ಇವತ್ತು ನೋಡಿರಲಿಲ್ಲ. ಹುಳಿಯಿದ್ದರೆ ಹಳದಿ ಬರಬೇಕು. ಹನಿ ಬಿದ್ದೊಡನೆ ಟ್ಯೂಬಿನ ನೀರು ನೀಲಿಯಾಯಿತು. ಹುಳಿ ಹೋದರೆ ಇರುವ ಅಮೋನಿಯಾವೇ ವಿಷವಾಗುತ್ತದೆ ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಪಕ್ಕದ ಬಕೆಟಿನಲ್ಲಿ ಒಂದು ಮೀನು ಮತ್ತೆ ಮೇಲೆ ಬಂದು ಬಾಯಿ ಬಿಟ್ಟಿತು.

ಬಕೆಟ್ ಮಾಮ ಹಿತ್ತಲಲ್ಲಿ ಬಕೆಟನ್ನು ಕವುಚಿ ಅದರ ಮೇಲೆ ಕೂತಿದ್ದ. ನಿನ್ನೆ ರಾತ್ರಿ ಅಂಗಡಿ ಮುಚ್ಚುವ ಮೊದಲು ಒರೆಸುವಾಗ ಆ ಕೋಣೆಯ ಬಾಗಿಲು ತೆರೆದಿತ್ತೇ ಎಂದು ಭಾವ ಕೇಳಿದರು.

"ಬಾಗಿಲು ತೆಗೀದೆ ನೆಲ ಒರೆಸೋ ವಿದ್ಯೆ ನಂಗೆ ಬರಲ್ಲ ಸ್ವಾಮಿ."

"ಒಳಗೆ ಯಾರಾದ್ರೂ ಬಂದ್ರಾ?"

"ನಾನು ನೆಲ ನೋಡ್ತಿದ್ದೆ." ಒರೆಸುವ ಬಟ್ಟೆಯನ್ನು ಹಿಂಡಿದ. ಅದರಲ್ಲಿ ನೀರೇ ಇರಲಿಲ್ಲ.

ಮುಂದೆ ಬಂದಾಗ ಯಜಮಾನರು ಡ್ರಾಯರಿನ ಡಬ್ಬಿಯಿಂದ ಒಂದು ಚಮಚ ಬಿಳಿ ಪುಡಿಯನ್ನು ನೀರಿಗೆ ಹಾಕಿ ಕದಡಿ ಕುಡಿಯುತ್ತಿದ್ದರು. ಎದೆ ಉರಿಗೆ ಅಡುಗೆ ಸೋಡಾ. ಟೀ ಕಾಫಿ ಬಿಟ್ಟು ಯಾವ ಕಾಲವಾಯಿತೋ, ಉರಿ ಮಾತ್ರ ಬಿಟ್ಟಿಲ್ಲ ಎಂದು ಗೊಣಗಿದರು. ನಾನು ಭಾವನ ಕಡೆ ನೋಡಿದೆ. ಅವರು ಆಗಲೇ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದು, ಬಕೆಟ್ ಮಾಮನನ್ನೂ ಸೊಸೆಯನ್ನೂ ಕರೆಯುತ್ತಿದ್ದರು.

"ಪೊಲೀಸರಿಗೆ ಆಮೇಲೆ ಫೋನ್ ಮಾಡಿ," ಎಂದು ಶುರು ಮಾಡಿದರು. "ನಿಮ್ಮ ಮೀನಿಗೆ ಯಾರೂ ವಿಷ ಹಾಕಿಲ್ಲ."

ಯಜಮಾನರು ಹುಬ್ಬು ಏರಿಸಿದರು.

"ಫಿನಾಯಿಲ್ ಬಿದ್ದಿದ್ರೆ ವಾಸನೆ ಬರ್ಬೇಕಿತ್ತು, ಅಮೋನಿಯಾ ಹೆಚ್ಚಿದ್ದಿದ್ರೆ ಹಸಿರು ಗಾಢ ಆಗ್ಬೇಕಿತ್ತು. ಎರಡೂ ಇಲ್ಲ. ಈ ಟ್ಯೂಬು ಅಮೋನಿಯಾ ಎಷ್ಟಿದೆ ಅಂತ ಹೇಳತ್ತೆ, ಮಲಗಿದೆಯೋ ಎದ್ದಿದೆಯೋ ಹೇಳಲ್ಲ. ಹುಳಿ ನೀರಲ್ಲಿ ಅದು ಮಲಗಿದ ಹಾವು, ಅಷ್ಟಾಗಿ ಕಚ್ಚಲ್ಲ. ಹುಳಿ ಮುರಿದ್ರೆ ಅಷ್ಟೇ ಅಮೋನಿಯಾ ಎದ್ದು ಹೆಡೆ ಎತ್ತತ್ತೆ. ಇದು ನನ್ನ ವಿದ್ಯೆ ಅಲ್ಲ, ನಿಮ್ಮ ಸೊಸೆ ಬಾಯಿಂದ ಬಂದದ್ದು. ಗಾಬರಿಯಲ್ಲಿ ಆಕೆ ಮುಂದಕ್ಕೆ ಯೋಚನೆ ಮಾಡ್ಲಿಲ್ಲ. ಯಾರೋ ಎಲೆ ತೆಗೆದು, ಹುಳಿ ಮುರಿಯೋದನ್ನ ಹಾಕಿದ್ದಾರೆ. ಹುಳಿ ಮುರಿಯೋ ಪುಡಿ ಈ ಅಂಗಡಿಯಲ್ಲಿ ಯಾರ ಡ್ರಾಯರಲ್ಲಿದೆ?"

ಭಾವ ಯಜಮಾನರ ಮಡಚಿದ ತೋಳಿನ ಕಡೆ ಬೆರಳು ತೋರಿಸಿದರು.

"ಟೀ ಕುಡಿಯದವರ ತೋಳಿಗೆ ಟೀ ಬೀಳಲ್ಲ. ಆ ಕಲೆ ಎಲೆ ನೀರಿಂದು. ಟ್ಯಾಂಕಿನ ತಳದಿಂದ ಎಲೆ ಎತ್ತೋಕೆ ಮೊಣಕೈವರೆಗೂ ಮುಳುಗಿಸ್ಬೇಕು. ಕೀಲಿ ಕೊಟ್ಟುಬಿಟ್ಟಿದ್ದೀರಿ, ಸರಿ. ಆದ್ರೆ ಒರೆಸೋಕೆ ತೆರೆದ ಬಾಗಿಲಲ್ಲಿ ಯಜಮಾನರನ್ನ ತಡೆಯೋರು ಯಾರು? ಈ ಮುದುಕ ತಪ್ಪು ಮಾಡಿದ್ದಿದ್ರೆ ಇನ್ನೊಬ್ಬರ ಹೆಸರು ಹೇಳ್ತಿದ್ದ. ಅವನು ನೆಲದ ಹೆಸರು ಹೇಳಿದ."

ಯಜಮಾನರು ಸೊಸೆಯ ಕಡೆ ತಿರುಗಿದರು. ದನಿ ಇಳಿದಿತ್ತು.

"ಕೊಳೆತ ಎಲೆ ಹಾಗೇ ಬಿಟ್ಟಿದ್ದೀಯ ಅನ್ನಿಸ್ತು. ನಾವೆಲ್ಲ ನೀರು ಕೆಟ್ರೆ ಒಂದು ಹಿಡಿ ಸೋಡಾ ಹಾಕ್ತಿದ್ವಿ, ಒಂದು ಮೀನೂ ಸತ್ತಿರ್ಲಿಲ್ಲ. ನಾನು ಹಾಕಿದ್ದು ವಿಷ ಅಲ್ಲ ಅಂತಲೇ, ಬೇರೆ ಯಾರೋ ಹಾಕಿದ್ದಾರೆ ಅಂದ್ಕೊಂಡೆ. ಕೈ ಹಾಕಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ, ಹೇಳೋಕೆ ಬಾಯಿ ಬರ್ಲಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ ಎಂದರು ಭಾವ. ಹಳೆಯ ಟ್ಯಾಂಕುಗಳಲ್ಲಿ ಫಿಲ್ಟರಿನ ಜೀವಿಗಳು ತಿಂದು ಮುಗಿಸುತ್ತಿದ್ದುದರಿಂದ ಎಬ್ಬಿಸಲು ಅಮೋನಿಯಾವೇ ಇರಲಿಲ್ಲ, ಹಾಗಾಗಿ ಸೋಡಾ ಯಾರನ್ನೂ ಕೊಲ್ಲಲಿಲ್ಲ.

ಸೊಸೆ ಮುದುಕನ ಕಡೆ ತಿರುಗಿದಳು. "ನೀವು ನೋಡಿದ್ರಿ. ಯಾಕೆ ಹೇಳ್ಲಿಲ್ಲ ಮಾಮ?"

"ಠಾಣೆಗೆ ಹೋದ್ರೆ ಇವತ್ತಲ್ಲ ನಾಳೆ ಈಚೆ ಬರ್ತೀನಿ ತಾಯಿ. ಮಾವ ಸೊಸೆ ಮಾತು ಬಿಟ್ರೆ ಅದನ್ನ ಬಿಡಿಸ್ಕೊಂಡು ಬರೋಕೆ ಯಾವ ವಕೀಲ ಸಿಗ್ತಾನೆ?"

ಯಜಮಾನರು ಫೋನನ್ನು ಡ್ರಾಯರಿಗೆ ಹಾಕಿ ಎದ್ದು ಬಂದರು. ಮುದುಕನ ಮುಂದೆ ನಿಂತು, "ತಪ್ಪಾಯ್ತು ಕಣಯ್ಯ," ಎಂದರು. ಆಮೇಲೆ, ಆ ಎರಡು ಉಳಿಯುತ್ತವೆಯೇ ಎಂದು ಸೊಸೆಯನ್ನು ಕೇಳಿದರು. ಆ ಕೋಣೆಯ ವಿಷಯದಲ್ಲಿ ಅವರು ಅವಳನ್ನು ಕೇಳಿದ್ದು ಅದೇ ಮೊದಲಿರಬೇಕು. ಅವಳಿಗೂ ಖಾತ್ರಿ ಇರಲಿಲ್ಲ. ಟ್ಯಾಂಕು ಬರಿದು ಮಾಡಿ ಹೊಸ ನೀರು ತುಂಬಬೇಕು, ಸಂಜೆ ಮತ್ತೆ ಎರಡೂ ಸೀಸೆಯಲ್ಲಿ ಬಣ್ಣ ನೋಡಬೇಕು ಎಂದಳು.

ಯಜಮಾನರು ಹೊಸ ನೀರು ತುಂಬಿದ ಇನ್ನೊಂದು ಬಕೆಟಿಗೇ ಕೈ ಹಾಕಿದರು.

"ಬಿಡಿ ಬಿಡಿ," ಎಂದು ಬಕೆಟ್ ಮಾಮ ಓಡಿ ಬಂದ. "ಸೊಂಟ ಹಿಡ್ಕೊಂಡ್ರೆ ಅದಕ್ಕೂ ನನ್ನನ್ನೇ ಪೊಲೀಸಿಗೆ ಕೊಡ್ತೀರಿ."

ಯಜಮಾನರು ನಗಲಿಲ್ಲ. ಬಕೆಟನ್ನೂ ಬಿಡಲಿಲ್ಲ.