ಬಿಳಿ ಕೋಣೆಯ ಕೆಂಪು ಮಣ್ಣು

ಹೊಸಪೇಟೆಯ ಚಿತ್ರಕಲಾ ಕಾಲೇಜಿನ ನಮ್ಮನ್ನೆಲ್ಲ ಜಂಬುನಾಥ್ ಸರ್ ಬೆಂಗಳೂರಿನ ಗ್ಯಾಲರಿಗಳಿಗೆ ಕರೆದೊಯ್ದಿದ್ದರು. ಒಂದರಲ್ಲಿ ಚಿತ್ರಗಳೇ ಇರಲಿಲ್ಲ. ಬಿಳಿ ಕೋಣೆಯ ನೆಲದ ತುಂಬ ಕೆಂಪು ಮಣ್ಣು ಹರಡಿ ಸುತ್ತ ಹಗ್ಗ ಕಟ್ಟಿದ್ದರು.

"ಸರ್, ನಮ್ಮ ಸಂಡೂರಿನ ಮಣ್ಣು ಇದ್ದಂಗ ಐತ್ರಿ. ಮಳಿ ಬಿದ್ದ ವಾಸ್ನಿ ಬರಾಕತ್ತೈತಿ," ಎಂದಳು ಗಂಗಾ.

"ನೋಡ್ರಿ, ಕಣ್ಣು ಅಂದ್ರ ಇದು!" ಎಂದರು ಸರ್. ನಾಲ್ಕು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಬಾಗಿಲಲ್ಲೇ ನಿಂತುಬಿಟ್ಟೆ. ನನ್ನೆದುರಿನ ಮಣ್ಣಿನಲ್ಲಿ ಒಂದು ಬರಿಗಾಲ ಹೆಜ್ಜೆಯಿತ್ತು, ಬಂದಾಗ ಇರಲಿಲ್ಲ.

ಅವಳ ಮಾತು ಕೇಳಿಸಿಕೊಂಡ ಗ್ಯಾಲರಿಯವರು ಗಂಗಾಳನ್ನು ತಮ್ಮ ಕಲಾ ಶಿಬಿರಕ್ಕೆ ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹೆಜ್ಜೆಗಳು ಒಂದೊಂದಾಗಿ ಅವಳತ್ತ ಮೂಡುತ್ತ ಹೋದವು. ಆ ಎ.ಸಿ. ಕೋಣೆಯಲ್ಲಿ ನನ್ನ ಅಂಗಾಲು ಸುಡುತ್ತಿತ್ತು.

"ಯಾವನ್ಲೇ ಮಣ್ಣು ತುಳ್ದಾವ?" ಸರ್ ರೇಗಿದರು. ಎಲ್ಲರ ಕಾಲಲ್ಲೂ ಶೂಗಳಿದ್ದವು.

ಆಚೆ ಬದಿಯಲ್ಲಿ ಹಗ್ಗಕ್ಕೆ ಬೆನ್ನು ಮಾಡಿ ನಿಂತಿದ್ದ ಗಂಗಾ ತಿರುಗಿ ನೋಡದೆಯೇ ನಕ್ಕಳು. "ಸುಧಾ, ಅತ್ತಾಗ ಸರಿಯಲೇ. ಕುತ್ತಿಗಿ ಮ್ಯಾಲ ಬಿಸಿ ಉಸ್ರು ಬಿಡಬ್ಯಾಡ."

ಅವಳು ಕರೆದದ್ದು ನನ್ನನ್ನು; ನಾನಿನ್ನೂ ಬಾಗಿಲಲ್ಲೇ ಇದ್ದೆ.

ಹೊಸಪೇಟೆಗೆ ಬಂದು ಶೂ ಬಿಚ್ಚಿದಾಗ ಸಾಕ್ಸ್ ಬೆಳ್ಳಗೇ ಇದ್ದವು. ಒಳಗೆ ಅಂಗಾಲು ಮಾತ್ರ ಕೆಂಪು ಮಣ್ಣಾಗಿತ್ತು.

ಇವತ್ತು ಗಂಗಾ ಶಿಬಿರಕ್ಕೆ ಹೊರಟಳು. ನಾನು ಇಲ್ಲಿ ಹೊಸಪೇಟೆಯ ಚಿತ್ತವಾಡ್ಗಿಯ ಮನೆಯಲ್ಲೇ ಇದ್ದೇನೆ. ಬೆಳಿಗ್ಗೆಯಿಂದ ಅಂಗಾಲು ಮತ್ತೆ ಸುಡುತ್ತಿದೆ.