ವಾಪಸ್ ಬಂದ ಪ್ಲೇಟು

ಹನ್ನೆರಡು ವರ್ಷದಲ್ಲಿ ಅವಳ ಲೇತ್ ಶಾಪಿನಿಂದ ಹೊರಗೆ ಹೋದ ಕೆಲಸ ಒಂದೂ ವಾಪಸ್ ಬಂದಿರಲಿಲ್ಲ. ಹಾಗಾಗಿ ಎದುರು ಶೆಡ್ಡಿನ ಮೆಕ್ಯಾನಿಕ್ ಬೆಳಗ್ಗೆ ರಸ್ತೆ ದಾಟಿ ಬಂದು, ಅವಳು ಮೂರು ದಿನ ಕೂತು ಕೊರೆದ ಪ್ಲೇಟನ್ನು ಬೆಂಚಿನ ಮೇಲಿಟ್ಟು, "ಇದು ಕೂರ್ತಾ ಇಲ್ಲ" ಎಂದಾಗ ಅವಳು ಮೊದಲು ನಗಲು ನೋಡಿದಳು. ನಗು ಬರಲಿಲ್ಲ. ಬಂದದ್ದು ಕೋಪ.

ಕೋಪವೇನೂ ಅವಳಿಗೆ ಅಪರೂಪದ ನೆಂಟನಲ್ಲ, ಮೂಗಿನ ತುದಿಯಲ್ಲೇ ಅದರ ವಾಸ. ಬೀದಿಯವರು ಬೆನ್ನ ಹಿಂದೆ ಅವಳನ್ನು ಕಿಡಿ ಎಂದೇ ಕರೆಯುತ್ತಿದ್ದರು. ಗ್ರೈಂಡರಿನಿಂದ ಹಾರುವುದಕ್ಕಿಂತ ಅವಳ ಬಾಯಿಂದ ಹಾರುವುದೇ ಹೆಚ್ಚು ದೂರ ಹೋಗುತ್ತದೆ ಎಂಬುದು ಪಕ್ಕದ ಸೈಕಲ್ ಅಂಗಡಿಯವನ ತಮಾಷೆ. ಆ ಹೆಸರು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹಿಡಿಸಿಯೂ ಇತ್ತು.

ಸಂಗತಿ ಇಷ್ಟೇ. ಮೆಕ್ಯಾನಿಕ್ಕನ ಬಳಿ ಒಂದು ಹಳೆಯ ಪಿಕಪ್ ಇತ್ತು. ಅದರ ಪೆಟ್ರೋಲ್ ಎಂಜಿನ್ ಕೈಕೊಟ್ಟು ವರ್ಷವಾಗಿತ್ತು. ನುಜ್ಜುಗುಜ್ಜಾದ ವ್ಯಾನೊಂದರಿಂದ ಅವನು ಒಳ್ಳೆಯ ಡೀಸೆಲ್ ಎಂಜಿನ್ ಬಿಚ್ಚಿ ತಂದಿದ್ದ. ಹಳೆಯದನ್ನು ಚೈನಿನಲ್ಲಿ ಎತ್ತಿ ಹೊರಹಾಕಿ, ಹೊಸದು ಕೂರಲು ಮೌಂಟು ಬೆಸೆದು, ರೇಡಿಯೇಟರನ್ನು ನಾಲ್ಕು ಬೆರಳು ಮುಂದೆ ಸರಿಸಿ, ಎಲ್ಲ ತಾನೇ ಮಾಡಿದ್ದ. ಉಳಿದದ್ದು ಒಂದೇ ತೊಡಕು. ಹೊಸ ಎಂಜಿನ್ನಿನ ಬೋಲ್ಟ್ ತೂತುಗಳು ಹಳೆಯ ಗೇರ್‌ಬಾಕ್ಸಿಗೆ ಹೊಂದುವುದಿಲ್ಲ. ಹೊಸ ಬೀಗರ ನಡುವೆ ಕೂರುವ ಹಿರಿಯರ ಹಾಗೆ ಮಧ್ಯದಲ್ಲಿ ಒಂದು ಉಕ್ಕಿನ ಪ್ಲೇಟು ಬೇಕು, ಅದು ಎರಡೂ ಕಡೆಯವರಿಗೆ ಒಪ್ಪಬೇಕು.

ಎರಡರ ಮುಖವನ್ನೂ ಅವನು ರಟ್ಟಿನ ಮೇಲೆ ಅಚ್ಚು ತೆಗೆದು ಕೊಟ್ಟಿದ್ದ. ಅವಳು ಅದನ್ನು ನೋಡಿ ಕೊರೆದಿದ್ದಳು. ಎಂಜಿನ್ ಕಡೆ ಬೆಣ್ಣೆಯ ಹಾಗೆ ಕೂತಿತು. ಗೇರ್‌ಬಾಕ್ಸ್ ಕಡೆ ಮಾತ್ರ ಕನ್ನಡಿಯಲ್ಲಿ ಕಂಡಂತೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಇಷ್ಟಕ್ಕೆ ಬಿಟ್ಟಿದ್ದರೆ ಜಗಳ ಸಣ್ಣದಾಗಿಯೇ ಮುಗಿಯುತ್ತಿತ್ತೇನೋ. ಅವನು ಕೈಯ ಗ್ರೀಸನ್ನು ಚಿಂದಿ ಬಟ್ಟೆಗೆ ಒರೆಸುತ್ತಾ, ಯಾವಾಗಲೂ ಕಿರುಬೆರಳಿನಿಂದಲೇ ಶುರುಮಾಡುವವನು, ಅರ್ಧ ನಕ್ಕು ಕೇಳಿದ. "ಬೇಕಂತಲೇ ಮಾಡಿದ್ರಾ?"

ಉರಿಯುವ ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. ಏಕೆಂದರೆ ಆ ಪಿಕಪ್ ಸಿದ್ಧವಾಗುತ್ತಿದ್ದುದೇ ಅವನು ಊರು ಬಿಡಲು. ರಸ್ತೆ ಅಗಲ ಮಾಡುವ ಕೆಲಸದಲ್ಲಿ ಅವನ ಶೆಡ್ಡು ಹೋಗಲಿತ್ತು. ಬೆಟ್ಟದ ಮೇಲಿನ ಕಲ್ಲುಗಣಿಯೊಂದರಲ್ಲಿ ಲಾರಿ ರಿಪೇರಿಯ ಕೆಲಸ ಒಪ್ಪಿಕೊಂಡಿದ್ದ. ಶನಿವಾರ ಸಾಮಾನು ತುಂಬಿಕೊಂಡು ಹೊರಡುವವನು. ಅದನ್ನು ಅವಳಿಗೆ ಅವನು ಹೇಳಿದ್ದು ರಟ್ಟು ಕೊಡುವಾಗ, ಇವತ್ತು ಬಿಸಿಲು ಜಾಸ್ತಿ ಎನ್ನುವಷ್ಟು ಸಲೀಸಾಗಿ. ನಾಲ್ಕು ವರ್ಷ ಎದುರುಬದುರು ಕೂತವನು, ದಿನಕ್ಕೆ ಹತ್ತು ಸಲ ಅವಳು ತಲೆಯೆತ್ತಿದಾಗೆಲ್ಲ ಆಗಷ್ಟೇ ತಲೆ ತಗ್ಗಿಸುತ್ತಿದ್ದವನು, ಹಾಗೆ ಹೇಳಿದ್ದ.

"ನಿನ್ನನ್ನ ಇಲ್ಲಿ ಇಟ್ಕೊಳ್ಳೋಕೆ ನಾನು ನನ್ನ ಕೆಲಸ ಕೆಡಿಸ್ಕೋಬೇಕಾ?" ಎಂದಳು. "ಅಷ್ಟು ದೊಡ್ಡ ಮನುಷ್ಯನಾ ನೀನು?"

ಅವನ ಕೈ ಮಧ್ಯದ ಬೆರಳಿನ ಹತ್ತಿರ ನಿಂತಿತು. ನಾಲ್ಕು ವರ್ಷ 'ನೀವು' ಎಂದೇ ಕರೆದುಕೊಂಡವರು ಅವರು. ಏಕವಚನ ಬಾಯಿಂದ ಜಾರಿದ್ದು ಇಬ್ಬರಿಗೂ ಕೇಳಿಸಿತು. ವಾಪಸ್ ತೆಗೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ರಟ್ಟೇ ಉಲ್ಟಾ, ಅಚ್ಚು ತೆಗೆದವನ ತಲೆಯೇ ಉಲ್ಟಾ, ಗಣಿಯವರಿಗೆ ನನ್ನ ಸಂತಾಪ ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ಅವನು ಚಿಂದಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅದೂ ಅವಳಿಗೆ ಸಿಟ್ಟು ತರಿಸಿತು.

ಬಾಗಿಲ ಬಳಿ ಕೂತು ಡ್ರಿಲ್ಲಿನ ಬಿಟ್ಟಿಗೆ ಸಾಣೆ ಹಿಡಿಯುತ್ತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಅಪ್ಪನ ಅಕ್ಕ. ಶಾಪು ಶುರುಮಾಡಿದವರೇ ಅವರು, ಅವಳಿಗೆ ಕೆಲಸ ಕಲಿಸಿದವರೂ ಅವರೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಿಟ್ಟಿನ ತುದಿ ನೋಡುತ್ತಲೇ ಗೊಣಗಿದರು. ಅವಳು ಅತ್ತೆಯ ಕಡೆ ತಿರುಗಿ, ನೀವೂ ಅವನ ಕಡೆಯಾ ಎಂದಳು. ಅತ್ತೆ ಕನ್ನಡಕ ತೆಗೆದರು.

"ಆ ರಟ್ಟು ಒಂದು ಸಲ ನೋಡು ಹೋಗು. ಆಮೇಲೆ ಯಾರಿಗೆ ಬೇಕಾದ್ರೂ ಬೈ."

ರಟ್ಟುಗಳು ಮೊಳೆಗೆ ಸಿಕ್ಕಿಸಿದ್ದವು. ತೆಗೆದು ನೋಡಿದಳು. ಎರಡರಲ್ಲೂ ತೂತುಗಳು ಅಚ್ಚುಕಟ್ಟಾಗಿದ್ದವು. ಆದರೆ ಯಾವುದರ ಮೇಲೂ ಒಂದು ಅಕ್ಷರವಿರಲಿಲ್ಲ.

ಅವಳ ತಲೆಯ ಮೇಲೆಯೇ, ಗೋಡೆಯಲ್ಲಿ, ಅವಳದೇ ಕೈಬರಹದ ಕೆಂಪು ಸಾಲಿತ್ತು: ಯಾವ ಮುಖ ಮೇಲೆ ಎಂದು ಬರೆಯದ ಅಚ್ಚು ತೆಗೆದುಕೊಳ್ಳುವುದಿಲ್ಲ. ಗೇರ್‌ಬಾಕ್ಸು ಎಂಜಿನ್ನಿಗೆ ಎದುರು ಮುಖ ಮಾಡಿ ಕೂರುತ್ತದೆ, ಅದರ ರಟ್ಟನ್ನು ಮಗುಚಿ ಹಾಕಬೇಕು, ಇದು ಮೊದಲ ವಾರದ ಪಾಠ. ಅದೊಂದು ಮಾತಿಗಾಗಿ ಅವಳು ಬಸ್ ಡಿಪೋದ ಮ್ಯಾನೇಜರನ್ನೇ ಬಾಗಿಲಿನಿಂದ ವಾಪಸ್ ಕಳಿಸಿದ್ದುಂಟು. ಇವನನ್ನು ಮಾತ್ರ ಕೇಳಿರಲಿಲ್ಲ. ಇವನು ರಟ್ಟು ಚಾಚಿದ್ದ, ಶನಿವಾರ ಹೋಗ್ತಿದ್ದೀನಿ ಎಂದಿದ್ದ, ಅವಳು ಏನನ್ನೂ ಕೇಳದೆ ಕೈ ಚಾಚಿ ತೆಗೆದುಕೊಂಡಿದ್ದಳು. ಆಮೇಲೆ ಮೂರು ದಿನ ಅಳತೆ ನೋಡಿದ್ದಳೇ ಹೊರತು ರಟ್ಟಿನ ಯಾವ ಮುಖ ಮೇಲೆ ಎಂದು ನೋಡಿರಲಿಲ್ಲ.

ಈಗ ಕೋಪಕ್ಕೆ ಹೊಸ ವಿಳಾಸ ಸಿಕ್ಕಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರೆ. ಅವಳಿಗೆ ಅಲ್ಲಿ ಕೊತ್ತಿಯೂ ಇರಲಿಲ್ಲ. ತನ್ನ ಮೇಲೆಯೇ ಉರಿದುಕೊಂಡು ಅವಳು ರಸ್ತೆ ದಾಟಿದಳು.

ಅವನು ಬಾನೆಟ್ಟಿನ ಕೆಳಗೆ ಅರ್ಧ ಹುದುಗಿದ್ದ. ಸೈಕಲ್ ಅಂಗಡಿಯವನು ಕೆಲಸ ನಿಲ್ಲಿಸಿ ಕಿವಿ ನಿಮಿರಿಸಿದ. ನಿಮಿರಿಸಲಿ, ಬೈದದ್ದು ಬೀದಿಯಲ್ಲಿ, ಒಪ್ಪಿಕೊಳ್ಳುವುದೂ ಬೀದಿಯಲ್ಲೇ ಆಗಬೇಕು ಎಂದುಕೊಂಡಳು.

"ತಪ್ಪು ನಂದು," ಎಂದಳು. "ಯಾವ ಮುಖ ಅಂತ ಎಲ್ಲರನ್ನೂ ಕೇಳ್ತೀನಿ. ನಿನ್ನನ್ನ ಕೇಳಲಿಲ್ಲ."

ಅವನು ತಲೆ ಹೊರಗೆ ತೆಗೆದ. ಹುಬ್ಬಿನ ಮೇಲೆ ಕಪ್ಪು ಗ್ರೀಸು ಹತ್ತಿತ್ತು. ಬಹಳ ಹೊತ್ತು ಅವಳನ್ನೇ ನೋಡಿದ, ಈ ಸಲ ಕಣ್ಣು ತಗ್ಗಿಸಲಿಲ್ಲ. ಅವಳೇ ಅವನ ಹುಬ್ಬಿನ ಕಡೆ ನೋಡುವ ನೆಪ ಹೂಡಬೇಕಾಯಿತು.

"ಬರೆಯೋಕೆ ಅಂತ ಪೆನ್ನು ತೆಗೆದಿದ್ದೆ," ಎಂದ ಮೆಲ್ಲಗೆ. "ಹೋಗ್ತೀನಿ ಅಂದಾಗ ನಿಮ್ಮ ಮುಖ ನೋಡಿದೆ. ಕ್ಯಾಪ್ ಹಾಕಿ ಜೇಬಲ್ಲಿ ಇಟ್ಕೊಂಡ್ಬಿಟ್ಟೆ."

ಇಂಥ ಮಾತಿಗೆ ಬೇರೆ ಯಾವ ಹೆಂಗಸಾದರೂ ಕರಗುತ್ತಿದ್ದಳು. ಅವಳು ಇನ್ನಷ್ಟು ಕೆರಳಿದಳು. ಮುಖ ಕಂಡವನು ಮತ್ತೇಕೆ ಬಾಯಿ ಮುಚ್ಚಿಕೊಂಡಿದ್ದ? ನಮ್ಮ ಶಾಪಿನ ಹಿಂದೆ ಅರ್ಧ ಜಾಗ ಖಾಲಿ ಬಿದ್ದಿದೆ, ಅದು ಕಾಣಲಿಲ್ಲವೇ, ಬೆಟ್ಟ ಹತ್ತಿಯೇ ಸ್ಪ್ಯಾನರ್ ಹಿಡಿಯಬೇಕೇ ಎಂದು ಕೇಳಿದಳು. ಕಂಡಿತ್ತು ಎಂದ ಅವನು.

"ಕೇಳೋಕೆ ಮೂರು ಸಲ ಬಂದಿದ್ದೆ. ಒಂದು ಸಲ ಯಾರಿಗೋ ಬೈತಿದ್ರಿ. ಇನ್ನೊಂದು ಸಲ ಫೋನಲ್ಲಿ ಬೈತಿದ್ರಿ. ಮೂರನೇ ಸಲ ಯಾರೂ ಇರಲಿಲ್ಲ, ಮಷೀನಿಗೆ ಬೈತಿದ್ರಿ."

ಸೈಕಲ್ ಅಂಗಡಿಯವನು ಕೆಮ್ಮಿದ ಹಾಗೆ ಮಾಡಿದ. ಅವಳಿಗೆ ನಗು ತುಟಿಯವರೆಗೆ ಬಂತು, ಕಚ್ಚಿ ಹಿಡಿದಳು.

"ಬರೀ ಜಾಗ ಕೇಳೋಕಾ ಬಂದಿದ್ದೆ?"

ಅವನು ಚಿಂದಿ ಬಟ್ಟೆ ಎತ್ತಿಕೊಂಡ. ಕೈ ಒರೆಸಲು ಶುರುಮಾಡಿದ, ಕಿರುಬೆರಳಿನಿಂದ. ಅವಳು ಹೆಬ್ಬೆರಳಿನವರೆಗೂ ಕಾದಳು. ಕೊನೆಗೆ, ಗಣಿಯವರಿಗೆ ಮಾತು ಕೊಟ್ಟಾಗಿದೆಯಲ್ಲ ಎಂದು ಗೊಣಗಿದ. ಹಾಗಾದರೆ ಹೋಗು, ನಿನ್ನ ಪ್ಲೇಟು ಶುಕ್ರವಾರ ಸಿಗುತ್ತೆ ಎಂದು ಹೇಳಿ ಅವಳು ತಿರುಗಿ ಬಂದಳು.

ಎರಡನೇ ಪ್ಲೇಟು ಕೊರೆಯುವಾಗ ಅವಳ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅದೇ ಅವಳ ಸಂಕಟ. ಕೆಡಿಸಲು ಮನಸ್ಸು ಬರುವುದಿಲ್ಲ, ಸರಿಮಾಡಿದರೆ ಅವನು ಹೋಗುತ್ತಾನೆ. ಒಂದೊಂದು ತೂತು ಸರಿಯಾಗಿ ಬಿದ್ದಾಗಲೂ ಮಷೀನಿಗೆ ಬೈದಳು. ನೀನೇ ಬಾಯಿಬಿಟ್ಟು ಹೇಳಬಾರದೇ ಎಂದು ಅತ್ತೆ ಕೇಳಿದರು. ನಾನೇಕೆ ಹೇಳಲಿ ಎಂದಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುವುದಿಲ್ಲ ಎಂದು ಅತ್ತೆ ಸಾಣೆಕಲ್ಲಿಗೆ ಮರಳಿದರು.

ಶುಕ್ರವಾರ ಇಬ್ಬರೂ ಸೇರಿ ಗೇರ್‌ಬಾಕ್ಸು ಏರಿಸಿದರು. ಅವನು ಕೆಳಗೆ ಜ್ಯಾಕ್ ಒತ್ತಿದ, ಅವಳು ಮೇಲಿನಿಂದ ದಾರಿ ತೋರಿಸಿದಳು. ಮೇಲೆ, ಸ್ವಲ್ಪ ಎಡಕ್ಕೆ, ಸಾಕು, ಇಷ್ಟೇ ಮಾತು. ಪ್ಲೇಟಿನ ಪಿನ್ನು ತೂತಿಗೆ ಸಲೀಸಾಗಿ ಇಳಿದು ಸಣ್ಣದಾಗಿ ಟಕ್ ಎಂದಿತು. ಕಿರಿದಾದ ಜಾಗದಲ್ಲಿ ಕೊನೆಯ ಬೋಲ್ಟಿಗೆ ಇಬ್ಬರ ಕೈಯೂ ಒಟ್ಟಿಗೆ ಹೋಯಿತು. ಅವನು ಕೈ ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ಆಮೇಲೆ ಅವಳಿಗೆ ಶನಿವಾರ ನೆನಪಾಯಿತು. ಕೈ ಎಳೆದುಕೊಂಡು ಎದ್ದು ಹೋದಳು.

ಶನಿವಾರ ಬೆಳಗ್ಗೆ ಮೂರನೇ ಸಲ ಕೀಲಿ ತಿರುಗಿಸಿದಾಗ ಎಂಜಿನ್ ಹತ್ತಿಕೊಂಡಿತು. ಮೊದಲು ಕಪ್ಪು ಹೊಗೆ ಕಾರಿ, ಆಮೇಲೆ ಹದಕ್ಕೆ ಬಂದು ಡಗಡಗ ಎನ್ನತೊಡಗಿತು. ಬೀದಿಯವರು ಬಂದು ಬೆನ್ನು ತಟ್ಟಿದರು. ಹಿಂದೆ ಸ್ಪ್ಯಾನರ್ ಪೆಟ್ಟಿಗೆ, ಜ್ಯಾಕು, ಚೈನು, ಒಂದು ಹಾಸಿಗೆ ಸುರುಳಿ. ಅವನು ಸೀಟಿನಲ್ಲಿ ಕೂತು ಬಾಗಿಲೆಳೆದ. ಎಳೆದ ಬಾಗಿಲು ಮುಚ್ಚಲಿಲ್ಲ, ಅವಳು ಹಿಡಿದಿದ್ದಳು.

"ಹೋಗ್ಬೇಡ ಅನ್ನೋಕೆ ಬಂದಿಲ್ಲ," ಎಂದಳು. ಎಂಜಿನ್ನಿನ ಸದ್ದಿಗೆ ಕೂಗಿಯೇ ಹೇಳಬೇಕಿತ್ತು. ಕೂಗುವುದು ಅವಳಿಗೆ ಕಷ್ಟವಾಗಲಿಲ್ಲ. "ಮೂರು ಸಲ ಬಂದು ಏನು ಕೇಳ್ಬೇಕು ಅಂತಿದ್ಯೋ ಅದನ್ನ ಕೇಳಿ ಹೋಗು. ನೀನು ಕೇಳದೆ ಹೋದ್ರೆ ನಾನು ಸಾಯೋವರೆಗೂ ನಿನಗೆ ಬೈಕೊಂಡೇ ಇರ್ತೀನಿ. ನನ್ನಿಂದ ಬೇರೆ ಕೆಲಸ ಆಗೋದಿಲ್ಲ."

ಅವನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ಇಷ್ಟು ದಿನ ಕಷ್ಟಪಟ್ಟು ಹೊತ್ತಿಸಿದ್ದನ್ನು ಅವನು ನಿಲ್ಲಿಸಿದ್ದು ನೋಡಿ ಅವಳು ಹಿಡಿದ ಬಾಗಿಲು ಬಿಟ್ಟಳು.

"ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿರಲಿಲ್ಲ," ಎಂದ. "ನನ್ನನ್ನ ಮದುವೆ ಆಗ್ತೀಯಾ?"

"ಇಷ್ಟೇನಾ?" ಎಂದಳು ಅವಳು. "ಇಷ್ಟು ಸಣ್ಣ ಮಾತಿಗೆ ನಾಲ್ಕು ವರ್ಷ ಬೇಕಾಯ್ತಾ? ನಾಲ್ಕು ವರ್ಷ ನಾನು ಆ ಕಿಟಕಿ ಮುಂದೆ ಕೂತು ಏನು ಮಾಡ್ತಿದ್ದೆ ಅಂದ್ಕೊಂಡೆ? ಬೆಳಕು ಚೆನ್ನಾಗಿದೆ ಅಂತ ಕೂತಿದ್ನಾ? ಲಾರಿಗಳಿಗೆಲ್ಲ ಕಿವಿ ಕೊಟ್ಟು ಕೇಳ್ತೀಯ, ಎಲ್ಲಿ ಏನು ಸವೆದಿದೆ ಅಂತ ಹೇಳ್ತೀಯ, ಎದುರಿಗೆ ಕೂತವಳದ್ದು ಒಂದು ದಿನಕ್ಕೂ ಕೇಳಿಸಲಿಲ್ವಾ?"

ಅವನು ಸ್ಟೀರಿಂಗ್ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದ.

"ಬೈದಿದ್ದು ಕೇಳಿಸ್ತು. ಉತ್ತರ ಕೇಳಿಸಲಿಲ್ಲ."

"ಹೂಂ," ಎಂದಳು, ಕೋಪ ಇನ್ನೂ ಇಳಿದಿರಲಿಲ್ಲ. "ಹೂಂ ಅಂದೆ. ಗಣಿಯವರಿಗೆ ಫೋನ್ ಮಾಡಿ ಬರಲ್ಲ ಅನ್ನು. ಈಗ ಕೆಳಗಿಳಿ. ಆ ಪೆಟ್ಟಿಗೆ ಒಬ್ಬಳೇ ಎತ್ತೋಕಾಗಲ್ಲ."

ಅವನು ಇಳಿದ. ಪೆಟ್ಟಿಗೆಯ ಆ ತುದಿ ಅವನು, ಈ ತುದಿ ಅವಳು. ಅತ್ತೆ ಎದುರಿನ ಬಾಗಿಲು ಅಗಲಕ್ಕೆ ತೆರೆದು ನಿಂತಿದ್ದರು. ನಡುರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು, ಅವಳು ಅದರ ಡ್ರೈವರಿಗೆ ಬೈದಳು. ಅವನು ನಕ್ಕ, ಅವನಿಗೂ ಬೈದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಪೆಟ್ಟಿಗೆ ಇದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ. ಬೀದಿಯವರೆಲ್ಲ ನೋಡುತ್ತಿರುವಂತೆಯೇ ಅವಳು ಹಾಗೇ ಅಳುತ್ತಾ, ಬೈಯುತ್ತಾ ರಸ್ತೆ ದಾಟಿದಳು.